ಸಾಂಕೇತಿಕ ಕೊಂಡಿ ಮತ್ತು ಯೂನಿಕ್ಸ್‌ನ ನಕಲು ಕ್ರಮಗಳು

ಯೂನಿಕ್ಸ್ ಪರಂಪರೆಯ ಗಣಕವ್ಯವಸ್ಥೆಗಳಲ್ಲಿ, ಬೇರೊಂದು ಕಡತಕ್ಕೆ ಹೋಗುವ ದಾರಿಯನ್ನಷ್ಟೇ ತನ್ನೊಳಗೆ ಬರೆದಿಟ್ಟುಕೊಂಡು, ತನ್ನನ್ನು ತೆರೆಯಹೋದವರನ್ನು ಆ ಮೂಲದೆಡೆಗೆ ಕಳುಹಿಸುವ ಕಿರುಕಡತಕ್ಕೆ ಸಾಂಕೇತಿಕ ಕೊಂಡಿ, ಬಳಕೆಯ ಮಾತಿನಲ್ಲಿ ಸಿಮ್‌ಲಿಂಕ್, ಎಂದು ಹೆಸರು. ನಕಲು ತೆಗೆಯುವಾಗ ಕೊಂಡಿಯನ್ನು ಕೊಂಡಿಯಾಗಿಯೇ ಉಳಿಸಬೇಕೋ, ಅದು ತೋರುವ ಕಡತದ ಒಡಲನ್ನೇ ತಂದು ಅಲ್ಲಿರಿಸಬೇಕೋ ಎಂಬ ಪ್ರಶ್ನೆಯು ಅದರೊಡನೆಯೇ ಜನಿಸಿತು.

1965ರಲ್ಲಿ ಡೇಲಿ ಮತ್ತು ನ್ಯೂಮನ್ ಎಂಬ ವಿದ್ವಾಂಸರು ಮಲ್ಟಿಕ್ಸ್ ಎಂಬ ಗಣಕವ್ಯವಸ್ಥೆಯ ಕಡತವಿನ್ಯಾಸವನ್ನು ನಿರೂಪಿಸುತ್ತ ಇಂತಹ ಕೊಂಡಿಗಳನ್ನು ವಿವರಿಸಿದ್ದರು. ಆದರೆ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಬೆಲ್ ಪ್ರಯೋಗಾಲಯದಲ್ಲಿ ರಚಿಸಿದ ಆದಿಯ ಯೂನಿಕ್ಸ್‌ನಲ್ಲಿದ್ದುದು, ಒಂದೇ ಕಡತಕ್ಕೆ ಹಲವು ಹೆಸರುಗಳನ್ನು ಕೊಡಬಲ್ಲ, ಆದರೆ ಒಂದು ಕಡತವ್ಯವಸ್ಥೆಯ ಎಲ್ಲೆಯನ್ನು ದಾಟಲಾರದ, ಹಾರ್ಡ್ ಲಿಂಕ್ ಮಾತ್ರ. ಆ ಎಲ್ಲೆಯನ್ನು ದಾಟುವ ಸಾಂಕೇತಿಕ ಕೊಂಡಿಯನ್ನು ಬರ್ಕ್ಲಿ ವಿಶ್ವವಿದ್ಯಾಲಯದವರು ತಮ್ಮ ಯೂನಿಕ್ಸ್ ಆವೃತ್ತಿಯಾದ 1983ರ 4.2 ಬಿ.ಎಸ್.ಡಿ. ಮೂಲಕ ಬಳಕೆಗೆ ತಂದರು.

ಇದರ ಪ್ರಯೋಜನವನ್ನು ಕೋಲಾರದ ಶಾಸನಗಳ ನಿದರ್ಶನದಿಂದ ಸ್ಪಷ್ಟಪಡಿಸಬಹುದು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 10ನೆಯ ಸಂಪುಟವು ಆ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರಾಗಿ ಜೋಡಿಸಿದೆ. ಅದೇ ಕ್ರಮದಲ್ಲಿ ಶಾಸನಗಳ ಛಾಯಾಚಿತ್ರಗಳನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ಕಡತಕೋಶಗಳಲ್ಲಿರಿಸಿ, ರಾಜವಂಶಗಳ ಹೆಸರಿನ ಕೋಶಗಳಲ್ಲಿ ಕೊಂಡಿಗಳನ್ನಷ್ಟೇ ಇಟ್ಟರೆ, ಕೋಲಾರಮ್ಮನ ಗುಡಿಯ ಶಾಸನ ಚೋಳರಡಿಯಲ್ಲೂ ಆವನಿಯದು ನೊಳಂಬರಡಿಯಲ್ಲೂ ದೊರೆಯುವುದು. ಚಿತ್ರ ಮಾತ್ರ ಒಂದೇ. ಶ್ರೀನಿವಾಸಪುರವೆಂಬ ಹೆಸರೊಂದನ್ನೇ ಗುರಿಯಾಗಿ ಹೊತ್ತ ಕೊಂಡಿಯ ಗಾತ್ರ, ಯುಟಿಎಫ್-8ರಲ್ಲಿ 12 ಸಂಕೇತಗಳಿಗೆ ಮೂರು ಬೈಟಿನಂತೆ, 36 ಬೈಟ್. ಕೊಂಡಿಗಳನ್ನು ಬಿಡಿಸುವ ನಕಲಿನಲ್ಲಿ ಪ್ರತಿ ಚಿತ್ರವೂ ಎರಡಾಗಿ, ಒಂದನ್ನು ತಿದ್ದಿದರೆ ಇನ್ನೊಂದು ಹಳೆಯದಾಗಿಯೇ ಉಳಿಯುವುದು. ಸ್ಥಳ ವ್ಯರ್ಥವಾಗುವುದಕ್ಕಿಂತ ಈ ಭೇದವೇ ಹೆಚ್ಚು ಅಪಾಯಕರವೆಂದು ಹೇಳಬೇಕು.

ಯೂನಿಕ್ಸ್‌ನಲ್ಲಿ ನಕಲು ತೆಗೆಯುವ ಹಳೆಯ ಸಿಪಿ ಆಜ್ಞೆಯ ಚಿಕ್ಕಕ್ಷರದ ಆರ್ ಆಯ್ಕೆಯು ಕೊಂಡಿಗಳನ್ನು ಹಿಂಬಾಲಿಸುತ್ತಿತ್ತು. ತನ್ನ ಮೇಲಿನ ಕೋಶವನ್ನೇ ತೋರುವ ಕೊಂಡಿಯೊಂದು ಎದುರಾದರೆ ನಕಲು ಸುತ್ತುತ್ತಲೇ ಹೋಗುತ್ತಿತ್ತು. ಆದುದರಿಂದ ಬಲ್ಲವರು, ಹಲವು ಕಡತಗಳನ್ನು ಒಂದಾಗಿ ಕಟ್ಟುವಾಗ ಕೊಂಡಿಯನ್ನು ಕೊಂಡಿಯಾಗಿಯೇ ಉಳಿಸುವ ಟಾರ್ ಆಜ್ಞೆ ಎರಡನ್ನು ಪೈಪಿನಿಂದ ಜೋಡಿಸಿ, ಒಂದರಿಂದ ಕಟ್ಟಿ ಇನ್ನೊಂದರಿಂದ ಬಿಚ್ಚುತ್ತಿದ್ದರು. ಮುಂದೆ ಬರ್ಕ್ಲಿಯ ಸಿಪಿಯಲ್ಲಿ ದೊಡ್ಡಕ್ಷರದ ಆರ್, ಅದರೊಡನೆ ಎಚ್, ಎಲ್, ಪಿ ಎಂಬ ಆಯ್ಕೆಗಳು ಬಂದು, 2001ರ ಪಾಸಿಕ್ಸ್ ಮಾನಕದಲ್ಲಿ ಸ್ಥಾನ ಪಡೆದವು. ಪಿ ಕೊಂಡಿಯನ್ನು ಉಳಿಸುವುದು, ಎಲ್ ಎಲ್ಲವನ್ನೂ ಹಿಂಬಾಲಿಸುವುದು, ಎಚ್ ಆಜ್ಞೆಯಲ್ಲಿ ಹೆಸರಿಸಿದವನ್ನಷ್ಟೇ ಹಿಂಬಾಲಿಸುವುದು. ಮೂರೂ ಇಲ್ಲದಿದ್ದರೆ ನಡೆ ಹೇಗಿರಬೇಕೆಂಬುದನ್ನು ಮಾನಕವು ನಿಯಮಿಸದೆ ಬಿಟ್ಟಿತಾಗಿ, ಆಯ್ಕೆಯನ್ನು ಬಾಯ್ಬಿಟ್ಟು ಹೇಳುವುದೇ ಕ್ಷೇಮ. ಗ್ನೂ ಸಿಪಿಯ ಎ ಆಯ್ಕೆ ಕೊಂಡಿ, ಕಾಲಮುದ್ರೆ, ಅನುಮತಿಗಳೆಲ್ಲವನ್ನೂ ಒಟ್ಟಿಗೆ ಕಾಪಾಡುತ್ತದೆ. ಟ್ರಿಜೆಲ್ ಮತ್ತು ಮ್ಯಾಕೆರಸ್ 1996ರಲ್ಲಿ ಹೊರತಂದ ಆರ್‌ಸಿಂಕ್ ಎಂಬ ನಕಲು ಸಾಧನದಲ್ಲಿಯೂ ಎ ಆಯ್ಕೆ ಕೊಂಡಿಗಳನ್ನು ಉಳಿಸುತ್ತದೆ.

ಕೊಂಡಿ ಉಳಿದರೂ ಗುರಿ ತಪ್ಪಬಹುದು. ಮೂಲಕೋಶದಿಂದಾರಂಭಿಸಿ ಪೂರ್ಣಮಾರ್ಗವನ್ನು ಬರೆದ ಕೊಂಡಿಯು ಹೊಸ ಯಂತ್ರಕ್ಕೆ ಹೋದಮೇಲೂ ಹಳೆಯ ವಿಳಾಸವನ್ನೇ ಅರಸುವುದರಿಂದ, ಒಟ್ಟಾಗಿ ಸಾಗುವ ಸಂಗ್ರಹಕ್ಕೆ, ಕೊಂಡಿಯಿರುವ ಕೋಶದಿಂದಲೇ ಎಣಿಸುವ ಸಾಪೇಕ್ಷಮಾರ್ಗವೇ ಯುಕ್ತ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾದ ಫ್ಯಾಟ್ ಕಡತವ್ಯವಸ್ಥೆಗೆ ಸಾಂಕೇತಿಕ ಕೊಂಡಿಯೆಂಬುದೇ ಇಲ್ಲದಿರುವುದರಿಂದ, ಅಂತಹವುಗಳಲ್ಲಿ ಒಯ್ಯುವ ಸಂಗ್ರಹವನ್ನು ಮೊದಲು ಟಾರ್ ಕಡತವಾಗಿ ಕಟ್ಟಬೇಕಾಗುತ್ತದೆ.