ರೇಯಾನ್ ಕುರ್ತಾದಿಂದ ಕುಸನೂರಿನ ತನಕ

ಮೊನ್ನೆ ಹುಬ್ಬಳ್ಳಿಯಲ್ಲಿ ಒಂದು ಕುರ್ತಾ ತಗೊಂಡೆ. ಲೇಬಲ್ ಮೇಲೆ ರೇಯಾನ್ ಅಂತಿತ್ತು. ರೇಯಾನ್ ಅಂದ್ರೆ ಮರದ ತಿರುಳಿನಿಂದ ತೆಗೆದ ನೂಲು. ಮರವನ್ನು ಚಕ್ಕೆ ಮಾಡಿ ರಾಸಾಯನಿಕದಲ್ಲಿ ಬೇಯಿಸಿದ್ರೆ ಪಲ್ಪ್ ಸಿಗುತ್ತೆ. ಹರಿಹರ ಪಾಲಿಫೈಬರ್ಸ್ ಕಾರ್ಖಾನೆ 1970ರ ದಶಕದಿಂದ ಮಾಡ್ತಾ ಬಂದದ್ದು ಇದನ್ನೇ. ಅಂಥ ಮರ ಯಾರ ಜಾಗದಲ್ಲಿ ಬೆಳೀಬೇಕು ಅನ್ನೋ ಜಗಳವೇ ಇವತ್ತಿನ ಎಪಿಸೋಡ್.

ಮೊದಲು ಬಿದಿರಿನ ಕಥೆ ಹೇಳ್ತೀನಿ. 1950ರ ದಶಕದ ಕೊನೆಗೆ ದಾಂಡೇಲಿಯ ಕಾಗದ ಕಾರ್ಖಾನೆಗೆ ಸರ್ಕಾರ ಕಾಡಿನ ಬಿದಿರು ಕೊಟ್ಟ ದರ ಟನ್‌ಗೆ ಸುಮಾರು ಒಂದೂವರೆ ರೂಪಾಯಿ. ಹೌದು, ಟನ್‌ಗೆ! ಅಷ್ಟು ಅಗ್ಗಕ್ಕೆ ಸಿಕ್ಕಿದ್ದನ್ನ ಯಾರು ಜೋಪಾನ ಮಾಡ್ತಾರೆ? 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಆ ಕಾಡುಗಳಿಗೆ ಹೋಗಿ ನೋಡಿದ್ರು. ಮೆಳೆ ಚೆನ್ನಾಗಿ ಬೆಳೆಯಲಿ ಅಂತ ಬುಡದ ಮುಳ್ಳನ್ನ ಸವರಿಸ್ತಿದ್ರಂತೆ. ಎಳೆ ಕಳಲೆಗೆ ಆ ಮುಳ್ಳೇ ಬೇಲಿ. ಬೇಲಿ ಹೋದ್ಮೇಲೆ ಕಳಲೆ ದನಗಳ ಪಾಲಾಯ್ತು.

ಬಿದಿರು ತೀರುತ್ತಾ ಬಂದಂತೆ ಕಣ್ಣು ನೀಲಗಿರಿ ಮೇಲೆ ಬಿತ್ತು. ಏಳೆಂಟು ವರ್ಷಕ್ಕೆ ಕಡಿಯಬಹುದು, ಬುಡದಿಂದ ಮತ್ತೆ ಚಿಗುರುತ್ತೆ, ದನ ಬಾಯಿ ಹಾಕಲ್ಲ. ಕೋಲಾರದ ಕಡೆ ಎಷ್ಟೋ ರೈತರು ರಾಗಿ ಹೊಲಕ್ಕೇ ಹಾಕ್ಕೊಂಡ್ರು. ಅದಕ್ಕೂ ತಕರಾರು ಎದ್ದಿತ್ತು, ಆದ್ರೆ ಹೊಲ ಅವರದ್ದೇ.

1984ರಲ್ಲಿ ಬಂದದ್ದು ಬೇರೆ ಲೆಕ್ಕ. ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಅನ್ನೋ ಕಂಪನಿ ಕಟ್ಟಿದವು. ಅದರ ನೆಡುತೋಪಿಗೆ ಅಂತ ಗೊತ್ತುಮಾಡಿದ್ದು ಸುಮಾರು 30 ಸಾವಿರ ಹೆಕ್ಟೇರ್. ದಾಖಲೆಯಲ್ಲಿ ಅದು ಸರ್ಕಾರಿ ಜಾಗ. ಊರವರಿಗೆ ಅದೇ ಮೇವು, ಅದೇ ಉರುವಲು.

ನಾನು ಹಾನಗಲ್ ಕಡೆಯವನು. ನಮ್ಮ ತಾಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಸುಮಾರು ಎರಡು ಸಾವಿರ ಜನ ಅಂಥ ಒಂದು ಜಾಗಕ್ಕೆ ಮೆರವಣಿಗೆ ಹೋದ್ರು. ಜೊತೆಗಿದ್ದದ್ದು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ. ನೂರರಷ್ಟು ನೀಲಗಿರಿ ಸಸಿ ಕಿತ್ತರು, ಅಲ್ಲೇ ಹಣ್ಣು, ಮೇವು ಕೊಡೋ ಗಿಡ ಹಚ್ಚಿದರು. ಹಂಗಾಗಿ ಅದು ಕಿತ್ತಿಕೋ–ಹಚ್ಚಿಕೋ ಸತ್ಯಾಗ್ರಹ. (ನಮ್ಮ ಕಡೆ ಗಿಡ ನೆಡಲ್ಲ, ಹಚ್ತೀವಿ.) ನನಗೆ ಇಷ್ಟವಾಗೋದು ಆ ಎರಡನೇ ಪದ. ಬರೀ ಕಿತ್ತಿದ್ರೆ ದಾಂಧಲೆ ಅಂದುಬಿಡಬಹುದಿತ್ತು. ಹಚ್ಚಿದ್ದರಿಂದ ಅದು ಹಕ್ಕಿನ ಮಾತಾಯ್ತು. ವಿಷಯ ಆಗಲೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು. ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು.

ಮರುವರ್ಷದ ರಾಷ್ಟ್ರೀಯ ಅರಣ್ಯ ನೀತಿ, ಕಾರ್ಖಾನೆಗಳು ತಮಗೆ ಬೇಕಾದ ಮರಕ್ಕೆ ಬೆಳೆಗಾರರ ಜೊತೆ ನೇರ ಸಂಬಂಧ ಇಟ್ಕೊಳ್ಳಲಿ ಅಂತು. 1991ರಲ್ಲಿ ಆ ಜಂಟಿ ಕಂಪನಿಯನ್ನ ಸರ್ಕಾರ ಮುಚ್ಚಿತು. 2017ರಲ್ಲಿ ಅಂತರ್ಜಲದ ಚಿಂತೆಯಿಂದ ಹೊಸ ನೀಲಗಿರಿ ನೆಡೋದನ್ನೇ ನಿಷೇಧಿಸಿತು.

ಬೇಗ ಬೆಳೆಯೋ ಮರದ ಬೇಡಿಕೆ ಮಾತ್ರ ನಿಂತಿಲ್ಲ. ಈಗ ಪ್ಲೈವುಡ್‌ನವರು ಹೆಬ್ಬೇವು, ಸಿಲ್ವರ್ ಓಕ್ ಹುಡುಕ್ಕೊಂಡು ರೈತರ ಹತ್ರ ಬರ್ತಾರೆ. ನಮ್ಮ ಸೋದರಮಾವ ಹೊಲದ ಬದುವಿನ ಮೇಲೆ ಅರವತ್ತು ಹೆಬ್ಬೇವು ಹಚ್ಚಿದ್ದಾರೆ. ರೇಟು ಎಷ್ಟು ಸಿಗುತ್ತೆ ಮಾವ ಅಂದ್ರೆ, "ಲಾರಿಯವ ಬಂದಾಗ ನೋಡೋಣಪ್ಪ" ಅಂತಾರೆ.