ಓಪನ್ ಸೋರ್ಸ್: ಎಲ್ಲರಿಗೂ ಕಾಣುವ ಕೋಡ್ ಮತ್ತು ನಮಗೆ ಸಿಗುವ ಕೋಡ್ ಒಂದೇನಾ?

"ಓಪನ್ ಸೋರ್ಸ್ ಅಂದ್ರೆ ಸುರಕ್ಷಿತ, ಕೋಡನ್ನ ಎಲ್ಲರೂ ನೋಡ್ತಾರಲ್ಲ" ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಇದು ಅರ್ಧ ಮಾತ್ರ ನಿಜ. ಎಲ್ಲರೂ ನೋಡುವ ಕೋಡ್ ಬೇರೆ, ನಮ್ಮ ಕಂಪ್ಯೂಟರಿಗೆ ಬಂದು ಸೇರುವ ಕೋಡ್ ಬೇರೆ ಆಗಿರಬಹುದು. ಅಡುಗೆಮನೆಯನ್ನು ಗಾಜಿನ ಗೋಡೆಯ ಹಿಂದೆ ತೋರಿಸಿ, ಪಾರ್ಸೆಲ್ಲನ್ನು ಹಿಂಬಾಗಿಲಿನಿಂದ ತಂದುಕೊಟ್ಟ ಹಾಗೆ.

2024ರ ಎಕ್ಸ್‌ಝೆಡ್ ಪ್ರಕರಣದಲ್ಲಿ ಆಗಿದ್ದು ಇದೇ. ಎಕ್ಸ್‌ಝೆಡ್ ಎನ್ನುವುದು ಫೈಲುಗಳನ್ನು ಕುಗ್ಗಿಸುವ ತಂತ್ರಾಂಶ. ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ವ್ಯವಸ್ಥೆಗಳಲ್ಲೂ ಇರುತ್ತದೆ. ಇದರ ಕೋಡ್ ಗಿಟ್ ಎಂಬ ಸಾರ್ವಜನಿಕ ದಾಖಲೆಯಲ್ಲಿತ್ತು. ಅಲ್ಲಿ ಯಾರು ಯಾವ ಸಾಲು ಬದಲಿಸಿದರು ಎಂಬುದು ಕಾಣುತ್ತದೆ. ಆದರೆ ಲಿನಕ್ಸ್ ವಿತರಕರು ಬಳಸುತ್ತಿದ್ದದ್ದು ಟಾರ್‌ಬಾಲ್ ಎಂಬ ಕಟ್ಟನ್ನು. ಹಳೆಯ ರೂಢಿಯಂತೆ ಈ ಕಟ್ಟಿನಲ್ಲಿ ಮೂಲ ಕೋಡಿನ ಜೊತೆಗೆ, ಬಿಡುಗಡೆ ಮಾಡುವವರ ಕಂಪ್ಯೂಟರಿನಲ್ಲಿ ತಯಾರಾದ ಸಾವಿರಾರು ಸಾಲುಗಳ ಬಿಲ್ಡ್ ಸ್ಕ್ರಿಪ್ಟುಗಳೂ ಇರುತ್ತವೆ. ಅವು ಗಿಟ್‌ನಲ್ಲಿ ಇರುವುದಿಲ್ಲ. ನಿಜ ಹೇಳಬೇಕೆಂದರೆ, ಅವನ್ನು ಯಾರೂ ಓದುವುದೂ ಇಲ್ಲ.

ಜಿಯಾ ಟ್ಯಾನ್ ಎಂಬ ಹೆಸರಿನಲ್ಲಿ ಬಂದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, ಬಿಡುಗಡೆಯ ಹೊಣೆಯನ್ನೂ ಪಡೆದರು. ಕೆಟ್ಟ ಕೋಡನ್ನು ಪರೀಕ್ಷೆಗೆಂದು ಇಟ್ಟ ಫೈಲುಗಳಲ್ಲಿ ಅಡಗಿಸಿದರು. ಅದನ್ನು ಚಾಲೂ ಮಾಡುವ ತುಣುಕನ್ನು ಮಾತ್ರ ಟಾರ್‌ಬಾಲಿನಲ್ಲಿ ಸೇರಿಸಿದರು. ಗಿಟ್ ನೋಡಿದವರಿಗೆ ಏನೂ ಕಾಣುತ್ತಿರಲಿಲ್ಲ. ಉದ್ದೇಶ, ಎಸ್‌ಎಸ್‌ಎಚ್ ಮೂಲಕ ದೂರದಿಂದಲೇ ಸರ್ವರುಗಳೊಳಗೆ ನುಗ್ಗುವುದು. ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದ್ದುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಗಮನಿಸಿ, ಜಾಡು ಹಿಡಿದು, ಮಾರ್ಚ್ 29ರಂದು ಬಯಲು ಮಾಡಿದರು. ಅರ್ಧ ಸೆಕೆಂಡಿಗೆ ತಲೆಕೆಡಿಸಿಕೊಳ್ಳುವವರು ಎಲ್ಲ ಕಡೆ ಸಿಗುವುದಿಲ್ಲ!

ಆ ಟಾರ್‌ಬಾಲಿಗೆ ಡಿಜಿಟಲ್ ಸಹಿಯೂ ಇತ್ತು, ಸಹಿ ಸರಿಯಾಗಿಯೇ ಇತ್ತು. ಸಹಿ ಹೇಳುವುದು ಕಟ್ಟನ್ನು ಕೊಟ್ಟವರು ಯಾರೆಂದು, ಒಳಗೇನಿದೆ ಎಂದಲ್ಲ. ಆದ್ದರಿಂದ ಬಿಡುಗಡೆಯ ಕಟ್ಟು ಗಿಟ್‌ನ ಗುರುತಿಸಿದ ಆವೃತ್ತಿಯಿಂದಲೇ ನೇರವಾಗಿ ತಯಾರಾಗಬೇಕು, ಬೇರೆ ಯಾರೇ ತಯಾರಿಸಿದರೂ ಅದೇ ಕಟ್ಟು ಬರಬೇಕು ಎಂಬುದು ನಮ್ಮ ಅಭಿಪ್ರಾಯ. ಬಿಲ್ಡ್ ಸ್ಕ್ರಿಪ್ಟುಗಳನ್ನು ಬಳಸುವವರೇ ತಯಾರಿಸಿಕೊಳ್ಳಲಿ. ಸ್ವಲ್ಪ ತ್ರಾಸ ಹೌದು.

ಇದೇ ಕಟ್ಟಿನಲ್ಲಿ ಬೇರೆಯವರ ಲೈಬ್ರರಿಗಳನ್ನೂ ಪ್ರತಿ ಮಾಡಿ ತುಂಬುವ ಅಭ್ಯಾಸವಿದೆ. 2002ರಲ್ಲಿ ಝಡ್‌ಲಿಬ್ ಎಂಬ ಲೈಬ್ರರಿಯಲ್ಲಿ ದೋಷ ಕಂಡಾಗ, ವ್ಯವಸ್ಥೆಯಲ್ಲಿದ್ದ ಪ್ರತಿಯನ್ನು ಸರಿಪಡಿಸಿದರೂ ಸಾಲಲಿಲ್ಲ. ಹಲವು ತಂತ್ರಾಂಶಗಳು ತಮ್ಮೊಳಗೆ ಹಳೆಯ ಪ್ರತಿಯನ್ನೇ ಇಟ್ಟುಕೊಂಡಿದ್ದವು. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ದೋಷ ಬಂದಾಗಲೂ, ಅದು ಎಲ್ಲೆಲ್ಲಿದೆ ಎಂದು ಹುಡುಕುವುದೇ ದೊಡ್ಡ ಕೆಲಸವಾಯಿತು.

ಹಾಗೆಂದು ಎಲ್ಲವನ್ನೂ ಹೊರಗಿನಿಂದಲೇ ತರಿಸಿಕೊಂಡರೆ? 2016ರ ಮಾರ್ಚಿನಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಲೇಖಕರು ಎನ್‌ಪಿಎಂ ಭಂಡಾರದಿಂದ ತೆಗೆದರು, ಅದನ್ನು ನೆಚ್ಚಿಕೊಂಡ ಅನೇಕ ಯೋಜನೆಗಳ ಬಿಲ್ಡ್ ನಿಂತೇಹೋಯಿತು. ಹೀಗಾಗಿ ಲೈಬ್ರರಿಯನ್ನು ಜೊತೆಗಿಡುವುದೇ ತಪ್ಪಲ್ಲ. ಇಟ್ಟರೆ ಯಾವ ಆವೃತ್ತಿ, ಎಲ್ಲಿಂದ ತಂದದ್ದು, ಏನು ತಿದ್ದಿದ್ದೇವೆ ಎಂದು ಬರೆದಿಡಬೇಕು, ವ್ಯವಸ್ಥೆಯಲ್ಲಿರುವ ಪ್ರತಿಯನ್ನೇ ಬಳಸುವ ಆಯ್ಕೆಯನ್ನೂ ಕೊಡಬೇಕು. ಸದ್ದಿಲ್ಲದೆ ತಿದ್ದಿ ಒಳಗೆ ಸೇರಿಸಿದ ಪ್ರತಿ ಎಲ್ಲಕ್ಕಿಂತ ಅಪಾಯ, ಏಕೆಂದರೆ ಮುಂದೆ ಅದನ್ನು ಬದಲಿಸಲು ಯಾರಿಗೂ ಧೈರ್ಯ ಬರುವುದಿಲ್ಲ.

ಅಂದಹಾಗೆ, ಎಕ್ಸ್‌ಝೆಡ್‌ನಲ್ಲಿ ಕೆಟ್ಟ ಕೋಡ್ ಇದ್ದದ್ದು 5.6.0 ಮತ್ತು 5.6.1 ಆವೃತ್ತಿಗಳಲ್ಲಿ. ಅದನ್ನು ತೆಗೆದುಹಾಕಿದ 5.6.2 ಆವೃತ್ತಿ 2024ರ ಮೇ ತಿಂಗಳಲ್ಲಿ ಬಂತು. ನಿಮ್ಮ ಲಿನಕ್ಸ್‌ನಲ್ಲಿ ಆ ಎರಡರಲ್ಲಿ ಒಂದು ಈಗಲೂ ಇದ್ದರೆ ಇಂದೇ ಅಪ್‌ಡೇಟ್ ಮಾಡಿ.