ಟಿಬೆಟ್ಟಿನ ಅನ್ನಪಾನಗಳು

ಹಿಮಾಲಯದ ಉತ್ತರಕ್ಕೆ ಹಬ್ಬಿರುವ ಟಿಬೆಟ್ ಪ್ರಸ್ಥಭೂಮಿಯ ಜನರಲ್ಲಿ ಪರಂಪರೆಯಿಂದ ರೂಢಿಯಲ್ಲಿರುವ ಆಹಾರ ಮತ್ತು ಪಾನೀಯಗಳು. ಜವೆಗೋದಿ, ಚಮರೀಮೃಗದ ಹಾಲು ಮತ್ತು ಮಾಂಸ, ಹೊರನಾಡಿನಿಂದ ಬರುವ ಚಹಾ, ಇವೇ ಇವುಗಳ ಆಧಾರ. ಭತ್ತ ಬಹುತೇಕ ಬೆಳೆಯದ, ಸೌದೆ ದುರ್ಲಭವಾದ, ಒಂದು ಊರಿನಿಂದ ಇನ್ನೊಂದಕ್ಕೆ ದಿನಗಟ್ಟಲೆ ನಡೆಯಬೇಕಾಗಿದ್ದ ದೇಶದಲ್ಲಿ ರೂಪುಗೊಂಡುದರಿಂದ, ಮನೆಯ ಊಟಕ್ಕೂ ಪ್ರಯಾಣದ ಪಾಥೇಯಕ್ಕೂ ಇಲ್ಲಿ ಹೆಚ್ಚಿನ ಭೇದವಿಲ್ಲ.

ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿರುವ ಲ್ಹಾಸಾ ನಗರದಲ್ಲಿ ವಾಯುವಿನ ಒತ್ತಡ ಕಡಿಮೆಯಾಗಿ ನೀರು 88° ಸೆಂಟಿಗ್ರೇಡಿನ ಆಸುಪಾಸಿನಲ್ಲೇ ಕುದಿಯುವುದರಿಂದ ಅಕ್ಕಿಬೇಳೆಗಳು ಸುಲಭವಾಗಿ ಬೇಯವು. ಉರುವಲಾದರೋ ಬಹುಮಟ್ಟಿಗೆ ಒಣಗಿದ ಸಗಣಿಯೇ. ಆದರೆ 4,000 ಮೀಟರಿಗೂ ಮೇಲ್ಪಟ್ಟ ಶೀತಲ ಕಣಿವೆಗಳಲ್ಲಿಯೂ ಜವೆಗೋದಿ ಫಲಿಸುತ್ತದೆ. ಅದರ ಕಾಳನ್ನು ಕಾದ ಮರಳಿನಲ್ಲಿ ಹುರಿದು, ಜರಡಿಯಾಡಿ, ತೊರೆಯ ನೀರಿನ ವೇಗದಿಂದ ತಿರುಗುವ ಬೀಸುಕಲ್ಲಿಗೆ ಹಾಕಿ ಪಡೆದ ‘ತ್ಸಂಪಾ’ ಎಂಬ ಹಿಟ್ಟು, ನಮ್ಮ ಹುರಿಹಿಟ್ಟಿನಂತೆ, ಆಗಲೇ ಪಕ್ವವಾಗಿರುವುದರಿಂದ ಮತ್ತೆ ಒಲೆಯನ್ನು ಬೇಡುವುದಿಲ್ಲ. ಬಟ್ಟಲಿನಲ್ಲಿ ಸ್ವಲ್ಪ ಚಹಾ ಮತ್ತು ಬೆಣ್ಣೆಯನ್ನಿರಿಸಿ, ಮೇಲೆ ಹಿಟ್ಟು ಸುರಿದು, ಒಂದು ಕೈಯಿಂದ ಬಟ್ಟಲನ್ನು ತಿರುಗಿಸುತ್ತ ಇನ್ನೊಂದರ ಬೆರಳುಗಳಿಂದ ನಾದಿ ಉಂಡೆ ಕಟ್ಟಿ ತಿನ್ನುವುದು ಕ್ರಮ. ವರ್ತಕರೂ ಪಶುಪಾಲಕರೂ ಯಾತ್ರಿಕರೂ ಚರ್ಮದ ಸಂಚಿಯಲ್ಲಿ ತ್ಸಂಪಾವನ್ನೂ ನಿಲುವಂಗಿಯ ಮಡಿಕೆಯಲ್ಲಿ ಮರದ ಬಟ್ಟಲನ್ನೂ ಇರಿಸಿಕೊಂಡೇ ಹೊರಡುತ್ತಿದ್ದರು. ಭಿಕ್ಷುಕಿಯ ವೇಷದಲ್ಲಿ ಸಂಚರಿಸಿ 1924ರಲ್ಲಿ ಲ್ಹಾಸಾ ಸೇರಿದ ಫ್ರೆಂಚ್ ಪ್ರವಾಸಿ ಅಲೆಕ್ಸಾಂಡ್ರಾ ಡೇವಿಡ್-ನೀಲ್ ಕೂಡ ದಾರಿಯಲ್ಲಿ ಮುಖ್ಯವಾಗಿ ಅವಲಂಬಿಸಿದ್ದುದು ಇದನ್ನೇ.

ತ್ಸಂಪಾದ ನಿತ್ಯಸಹಚರ ಬೆಣ್ಣೆಚಹಾ. ಚೀನದ ಸಿಚುವಾನ್ ಮತ್ತು ಯುನ್ನಾನ್ ಪ್ರಾಂತಗಳಿಂದ ಇಟ್ಟಿಗೆಯಾಕಾರದಲ್ಲಿ ಒತ್ತಿದ ಚಹಾ, ಕುದುರೆಗಳಿಗೆ ವಿನಿಮಯವಾಗಿ ಶತಮಾನಗಳ ಕಾಲ ಟಿಬೆಟ್ಟಿಗೆ ಬರುತ್ತಿದ್ದಿತು. ಅದನ್ನು ಬಹುಹೊತ್ತು ಕುದಿಸಿ ತೆಗೆದ ಗಾಢವಾದ ಕಷಾಯವನ್ನು ‘ದೋಂಗ್ಮೊ’ ಎಂಬ ನೀಳವಾದ ಮರದ ಕೊಳವೆಗೆ ಸುರಿದು, ಉಪ್ಪನ್ನೂ ಹೆಣ್ಣು ಚಮರೀಮೃಗದ ಹಾಲಿನ ಬೆಣ್ಣೆಯನ್ನೂ ಸೇರಿಸಿ, ಎಲ್ಲವೂ ಏಕರೂಪವಾಗುವವರೆಗೆ ಕಡೆಯುತ್ತಾರೆ. ಶುಷ್ಕವಾದ ಚಳಿಯಲ್ಲಿ ದೇಹಕ್ಕೆ ಬೇಕಾದ ಕೊಬ್ಬನ್ನೂ ದ್ರವವನ್ನೂ ಇದು ಒಟ್ಟಿಗೆ ಒದಗಿಸುತ್ತದೆ. ಜವೆಗೋದಿಯನ್ನು ಹುದುಗಿಸಿ ತಯಾರಿಸುವ ‘ಛಾಂಗ್’ ಎಂಬ ಸೌಮ್ಯವಾದ ಮದ್ಯ ಉತ್ಸವಕಾಲದ ಪಾನೀಯ.

ಬೌದ್ಧರಾದರೂ ಟಿಬೆಟ್ಟಿನವರು ಸಾಮಾನ್ಯವಾಗಿ ಮಾಂಸಾಹಾರಿಗಳು. ಒಂದು ಪ್ರಾಣದಿಂದ ಹಲವರ ಹಸಿವು ತಣಿಯುವುದೆಂಬ ಭಾವನೆಯಿಂದ ದೊಡ್ಡ ಪಶುಗಳ ಮಾಂಸವನ್ನೇ ಬಯಸುವ ಅವರಲ್ಲಿ ಅನೇಕರು ಮೀನನ್ನು ತಿನ್ನರು. ಚಳಿಗಾಲದ ಗಾಳಿಯಲ್ಲಿ ಒಣಗಿಸಿದ ಮಾಂಸವೂ, ಮಜ್ಜಿಗೆಯನ್ನು ಒಡೆಸಿ ಕಲ್ಲಿನಷ್ಟು ಗಟ್ಟಿಯಾಗುವಂತೆ ಒಣಗಿಸಿದ ‘ಛುರ್ಪಿ’ ಎಂಬ ಗಿಣ್ಣೂ ದೀರ್ಘಪ್ರಯಾಣಕ್ಕೆ ಒದಗುತ್ತವೆ. ಇವೂ ಬೆಂಕಿಯನ್ನು ಬೇಡವು.

ಹಿಟ್ಟಿನ ಎಳೆಗಳನ್ನು ಹಾಕಿ ಕಾಯಿಸುವ ‘ಥುಕ್ಪ’, ಮಾಂಸವನ್ನು ತುಂಬಿ ಆವಿಯಲ್ಲಿ ಬೇಯಿಸುವ ‘ಮೊಮೊ’, ಹೂರಣವಿಲ್ಲದ ‘ತಿಂಗ್ಮೊ’ ಮೊದಲಾದವು ಬಿಸಿಯಾಗಿ ಸೇವಿಸುವ ಭಕ್ಷ್ಯಗಳು. ಟಿಬೆಟ್ಟಿನ ಪಂಚಾಂಗದ ಹನ್ನೆರಡನೆಯ ಮಾಸದ 29ನೆಯ ರಾತ್ರಿ ಉಣ್ಣುವ ‘ಗುಥುಕ್’ ಎಂಬ ಥುಕ್ಪದ ದೊಡ್ಡ ಕಡುಬುಗಳಲ್ಲಿ ಇದ್ದಲು, ಉಣ್ಣೆ, ಮೆಣಸಿನಕಾಯಿ ಮುಂತಾದುವನ್ನು ಅಡಗಿಸಿಟ್ಟು, ಇದ್ದಲು ಸಿಕ್ಕವನ ಹೃದಯ ಕಪ್ಪೆಂದೂ ಮೆಣಸಿನಕಾಯಿ ಸಿಕ್ಕವನು ಬಾಯಾಳಿಯೆಂದೂ ನಗೆಯಾಡುವುದು ವಾಡಿಕೆ. ಲೋಸಾರ್ ಎಂಬ ಹೊಸ ವರ್ಷದಂದು ಕರಿದ ‘ಖಪ್ಸೆ’ಗಳನ್ನು ಪೇರಿಸಿಡುತ್ತಾರೆ.

ಅತಿಥಿಯು ಬೆಣ್ಣೆಚಹಾವನ್ನು ಒಂದೆರಡು ಗುಟುಕು ಕುಡಿದೊಡನೆ ಬಟ್ಟಲನ್ನು ಮತ್ತೆ ತುಂಬುವುದು ಗೃಹಸ್ಥನ ಧರ್ಮ. ಆದುದರಿಂದ ಸಾಕೆನಿಸಿದ ಪ್ರವಾಸಿಯು ತುಂಬಿದ ಬಟ್ಟಲನ್ನು ಹಾಗೆಯೇ ಬಿಟ್ಟು, ಹೊರಡುವ ವೇಳೆಗೆ ಬರಿದುಮಾಡುವುದೇ ಶಿಷ್ಟಾಚಾರ. ಎತ್ತರದ ಪ್ರದೇಶಕ್ಕೆ ಹೊಸದಾಗಿ ಬಂದವರು ಮೊದಲ ಕೆಲವು ದಿನ ಛಾಂಗನ್ನು ವರ್ಜಿಸುವುದು ಕ್ಷೇಮ. ಸಸ್ಯಾಹಾರಿಗಳು ಥುಕ್ಪದ ಸಾರು ಮೂಳೆಯಿಂದ ಕುದಿಸಿದ್ದಿರಬಹುದೆಂಬುದನ್ನು ನೆನೆದು, ವಿಚಾರಿಸಿಯೇ ಸೇವಿಸಬೇಕು.

1959ರ ಬಳಿಕ ಭಾರತಕ್ಕೆ ಬಂದ ನಿರಾಶ್ರಿತರೊಡನೆ ಈ ಪದ್ಧತಿಯೂ ಬಂದಿತು. ಕರ್ನಾಟಕದ ಬೈಲುಕುಪ್ಪೆ, ಮುಂಡಗೋಡು, ಹುಣಸೂರು ಮತ್ತು ಕೊಳ್ಳೇಗಾಲ ಪ್ರದೇಶಗಳಲ್ಲಿ ಅವರ ವಸತಿಗಳಿವೆ. ಚಮರೀಮೃಗವಿಲ್ಲದ ಈ ಬೆಚ್ಚನೆಯ ನೆಲದಲ್ಲಿ ಚಹಾ ಕಡೆಯಲು ಹಸುವಿನ ಬೆಣ್ಣೆಯೇ ಒದಗುತ್ತದೆ.